ತೋಟದಲ್ಲಿ ಕೋಟಿ, ತವರಿನಲ್ಲಿ ಕೊರತೆ

ನವೆಂಬರ್ ತಿಂಗಳ ಒಂದು ಮುಂಜಾನೆ. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಪಶ್ಚಿಮದಂಚಿನ ಏವರಿ ಕೌಂಟಿಯಲ್ಲಿ ಬೆಟ್ಟದ ಇಳಿಜಾರು ಇನ್ನೂ ಮಬ್ಬಿನಲ್ಲೇ ಇದೆ. ರಾತ್ರಿ ಬಿದ್ದ ಇಬ್ಬನಿ ಹುಲ್ಲಿನ ಮೇಲೆ ಉಪ್ಪಿನ ಹರಳಿನಂತೆ ಹೆಪ್ಪುಗಟ್ಟಿದೆ. ಚೈನ್‌ಸಾ ಹಿಡಿದವನು ಬುಡಕ್ಕೆ ಬಾಗುತ್ತಾನೆ. ಎರಡು ಮೂರು ಸೆಕೆಂಡು ಗರ್ ಎನ್ನುವ ಸದ್ದು, ಆಳೆತ್ತರಕ್ಕಿಂತ ತುಸು ಹೆಚ್ಚಿರುವ ಮರ ಮಗ್ಗುಲಾಗುತ್ತದೆ. ಹಿಂದೆಯೇ ಬಂದವನು ಅದನ್ನು ಹೆಗಲಿಗೇರಿಸಿಕೊಂಡು ಕೆಸರುದಾರಿಯತ್ತ ಇಳಿಯುತ್ತಾನೆ. ಅಲ್ಲೊಂದು ಕೊಳವೆಯಂಥ ಯಂತ್ರ. ಒಂದು ಬಾಯಿಗೆ ಬುಡ ಮುಂದಾಗಿ ಮರವನ್ನು ಕೊಟ್ಟರೆ ಇನ್ನೊಂದು ಬಾಯಿಂದ ಅದು ಬಲೆ ಸುತ್ತಿಸಿಕೊಂಡು, ಮಡಿಸಿದ ಕೊಡೆಯ ಹಾಗೆ ಹೊರಬರುತ್ತದೆ. ಲಾರಿ ತುಂಬುತ್ತಿದೆ. ಸ್ಪ್ಯಾನಿಷ್ ಮಾತು, ಡೀಸೆಲ್ ಹೊಗೆ, ಅವೆರಡರ ನಡುವೆಯೂ ಮೂಗಿಗೆ ತಾಗುವ ಒಂದು ತಣ್ಣನೆಯ ಪರಿಮಳ. ಕಿತ್ತಳೆ ಸಿಪ್ಪೆಯನ್ನೂ ಕರ್ಪೂರವನ್ನೂ ಒಟ್ಟಿಗೆ ಹಿಸುಕಿದರೆ ಬರಬಹುದಾದ ವಾಸನೆ ಅದು.

ಇನ್ನು ಕೆಲವೇ ವಾರಗಳಲ್ಲಿ ಈ ಮರಗಳು ನೂರಾರು ಮೈಲಿ ದೂರದ ಊರುಗಳ ನಡುಮನೆಗಳಲ್ಲಿ ದೀಪ ಹೊತ್ತು ನಿಂತಿರುತ್ತವೆ.

ಅದೇ ಬೆಟ್ಟಸಾಲಿನಲ್ಲಿ ನೈಋತ್ಯಕ್ಕೆ ಕಾರಿನಲ್ಲಿ ಒಂದಷ್ಟು ಹೊತ್ತು ಹೋದರೆ ಮೌಂಟ್ ಮಿಚೆಲ್ ಸಿಗುತ್ತದೆ. ಮಿಸಿಸಿಪ್ಪಿ ನದಿಯ ಪೂರ್ವಕ್ಕಿರುವ ಅಮೆರಿಕದ ಅತಿ ಎತ್ತರದ ಶಿಖರ ಅದು, 2,037 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ನೂರು ಮೀಟರ್ ಹೆಚ್ಚು. ಅಲ್ಲಿ ಎಳೆಯ ಹಸಿರು ಮರಗಳ ನಡುವೆ ತೊಗಟೆ ಕಳಚಿದ, ರೆಂಬೆ ಉದುರಿದ ಬೂದು ಬಣ್ಣದ ಬೋಳು ಕಾಂಡಗಳು ನಿಂತಿವೆ. ಬಹಳಷ್ಟು ಈಗಾಗಲೇ ನೆಲಕ್ಕುರುಳಿ ಪಾಚಿ ಹಿಡಿದಿವೆ. ಕೆಳಗೆ ಲಾರಿಗೇರುತ್ತಿರುವ ಮರ, ಮೇಲೆ ಒಣಗಿ ನಿಂತಿರುವ ಮರ, ಎರಡೂ ಒಂದೇ ಜಾತಿ. ಹೆಸರು ಫ್ರೇಸರ್ ಫರ್. ತೋಟಗಳಲ್ಲಿ ಇದರ ಸಂಖ್ಯೆ ಕೋಟಿಗಟ್ಟಲೆ. ಕಾಡಿನಲ್ಲಿ ಇದು ಅಳಿವಿನಂಚಿನ ಜಾತಿ ಎಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ದಾಖಲಾಗಿದೆ.

ಫರ್ ಎಂದರೆ ಯಾವುದು?

ಕ್ರಿಸ್‌ಮಸ್ ಮರ ಎಂದರೆ ನಮ್ಮ ಕಣ್ಣಿಗೆ ಬರುವ ಮರಗಳು ಬೇರೆ. ಬೆಂಗಳೂರಿನ ಮನೆಯಂಗಳಗಳಲ್ಲಿ, ಬಂಗಲೆಗಳ ಮುಂದೆ ಅಂತಸ್ತಂತಸ್ತಾಗಿ ಕೈಚಾಚಿ ನಿಂತ ಅರೌಕೇರಿಯಾವನ್ನೇ ಜನ ಕ್ರಿಸ್‌ಮಸ್ ಟ್ರೀ ಎನ್ನುತ್ತಾರೆ. ಅದು ದಕ್ಷಿಣ ಪೆಸಿಫಿಕ್ ದ್ವೀಪಗಳಿಂದ ಬಂದದ್ದು. ಕರಾವಳಿಯಲ್ಲಿ ಗಾಳಿಮರದ ಕೊಂಬೆ ತಂದು ನಕ್ಷತ್ರ ಕಟ್ಟುವುದುಂಟು. ಗಾಳಿಮರ ಸೂಜಿ ಎಲೆಯ ಜಾತಿಗೇ ಸೇರಿದ್ದಲ್ಲ. ಅದರ ಸೂಜಿಗಳಂತೆ ಕಾಣುವವು ನಿಜಕ್ಕೂ ಗೆಣ್ಣುಗೆಣ್ಣಾದ ಸಣ್ಣ ಟಿಸಿಲುಗಳು. ನಿಜವಾದ ಫರ್ ಮರಗಳು ಭಾರತದಲ್ಲಿ ಹಿಮಾಲಯದಲ್ಲಿ ಮಾತ್ರ ಬೆಳೆಯುತ್ತವೆ. ದಕ್ಷಿಣದಲ್ಲಿ ಒಂದೂ ಇಲ್ಲ.

ಫರ್, ಸ್ಪ್ರೂಸ್, ಪೈನ್ ಮೂರನ್ನೂ ಒಂದೇ ಎಂದುಕೊಳ್ಳುವವರೇ ಹೆಚ್ಚು. ಬೇರೆ ಮಾಡುವುದು ಕಷ್ಟವಲ್ಲ. ಪೈನ್ ಮರದ ಸೂಜಿಗಳು ಎರಡು, ಮೂರು, ಐದರ ಗೊಂಚಲಾಗಿ ಹುಟ್ಟುತ್ತವೆ. ಸ್ಪ್ರೂಸ್ ಮತ್ತು ಫರ್‌ಗಳಲ್ಲಿ ಒಂದೊಂದಾಗಿ. ಸ್ಪ್ರೂಸ್ ಸೂಜಿ ನಾಲ್ಕು ಮೂಲೆಯದು, ಮುಟ್ಟಿದರೆ ಚುಚ್ಚುತ್ತದೆ, ಬೆರಳ ನಡುವೆ ಉರುಳುತ್ತದೆ. ಫರ್ ಸೂಜಿ ಚಪ್ಪಟೆ, ತುದಿ ಮೊಂಡು, ಉರುಳುವುದಿಲ್ಲ. ಸ್ಪ್ರೂಸ್ ಕಾಯಿ ಕೆಳಮುಖವಾಗಿ ತೂಗುತ್ತದೆ. ಫರ್ ಕಾಯಿ ಮೇಣದಬತ್ತಿ ನಿಲ್ಲಿಸಿದ ಹಾಗೆ ರೆಂಬೆಯ ಮೇಲೆ ನೆಟ್ಟಗೆ ನಿಲ್ಲುತ್ತದೆ.

ಫ್ರೇಸರ್ ಫರ್‌ನ ಸೂಜಿ ಮೇಲೆ ಕಡುಹಸಿರು. ತಿರುಗಿಸಿ ನೋಡಿದರೆ ಅಡಿಯಲ್ಲಿ ಎರಡು ಬೆಳ್ಳಿಗೆರೆ. ಆ ಗೆರೆಗಳು ಎಲೆಯ ಉಸಿರುರಂಧ್ರಗಳ ಸಾಲು. ಗಾಳಿ ಬೀಸಿ ರೆಂಬೆಗಳು ಮಗುಚಿದಾಗ ಇಡೀ ಗುಡ್ಡ ಒಂದು ಕ್ಷಣ ಬೆಳ್ಳಿಬಣ್ಣಕ್ಕೆ ತಿರುಗುವುದು ಅದರಿಂದಲೇ.

ಬಟ್ಟೆ ವ್ಯಾಪಾರಿ ಗಿಡ ಹುಡುಕಲು ಹೊರಟ

ಮರಕ್ಕೆ ಹೆಸರು ಕೊಟ್ಟ ಜಾನ್ ಫ್ರೇಸರ್ 1750ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದವನು. ಲಂಡನ್ನಿನ ಚೆಲ್ಸಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ. ಹತ್ತಿರದಲ್ಲೇ ಇದ್ದ ಔಷಧಿಗಿಡಗಳ ತೋಟಕ್ಕೆ ಹೋಗಿ ಬಂದು, ಹೋಗಿ ಬಂದು, ಕೊನೆಗೆ ಅಂಗಡಿ ಬಿಟ್ಟು ಗಿಡಗಳ ಬೆನ್ನು ಹತ್ತಿದ. 1780ರ ದಶಕದಲ್ಲಿ ಹಡಗೇರಿ ಅಮೆರಿಕಕ್ಕೆ ಹೋದ. ಅಲ್ಲಿಂದ ಮುಂದೆ ಅವನ ಜೀವನವೆಲ್ಲ ಅಟ್ಲಾಂಟಿಕ್ ಸಾಗರದ ಆಚೀಚೆ ಓಡಾಟ. ಬ್ರಿಟನ್ನಿನ ಶ್ರೀಮಂತರ ತೋಟಗಳಿಗೆ, ಆಮೇಲೆ ರಷ್ಯಾದ ಅರಮನೆಗೂ ಸಸಿ, ಬೀಜ ಒದಗಿಸಿದ.

1787ರಲ್ಲಿ ಅವನು ಫ್ರಾನ್ಸಿನ ಹೆಸರಾಂತ ಸಸ್ಯಶಾಸ್ತ್ರಜ್ಞ ಆಂದ್ರೆ ಮಿಶೋ ಜೊತೆ ಸ್ವಲ್ಪ ದೂರ ಪಯಣಿಸಿದ. ನಡುದಾರಿಯಲ್ಲಿ ಕುದುರೆಗಳು ಕಾಣೆಯಾದವು. ನಾನು ಹುಡುಕಿಕೊಂಡು ಬರುತ್ತೇನೆ, ನೀನು ಮುಂದೆ ಹೋಗು ಎಂದು ಮಿಶೋ ಹಿಂದುಳಿದ. ಇಬ್ಬರ ದಾರಿ ಬೇರೆಯಾಯಿತು. ದಕ್ಷಿಣ ಅಪಲಾಚಿಯನ್ ಬೆಟ್ಟಗಳ ನೆತ್ತಿಯ ಈ ಫರ್‌ಗೆ ಕೊನೆಗೆ ನಿಂತದ್ದು ಫ್ರೇಸರನ ಹೆಸರು. 1811ರಲ್ಲಿ ಅವನು ತೀರಿಕೊಂಡ. ಎರಡು ವರ್ಷದ ಬಳಿಕ ಫ್ರೆಡರಿಕ್ ಪರ್ಶ್ ಎಂಬ ಸಸ್ಯಶಾಸ್ತ್ರಜ್ಞ ಈ ಮರವನ್ನು ವಿವರಿಸಿ ಪೈನಸ್ ಫ್ರೇಸರಿ ಎಂದು ಕರೆದ. 1817ರಲ್ಲಿ ಅದು ಫರ್‌ಗಳ ಕುಲಕ್ಕೆ ಸೇರಿ ಏಬೀಸ್ ಫ್ರೇಸರಿ ಆಯಿತು.

ಬೆಟ್ಟದ ಜನ ಈ ಲ್ಯಾಟಿನ್ ಹೆಸರುಗಳಿಗಾಗಿ ಕಾದಿರಲಿಲ್ಲ. ಎಳೆ ಮರದ ತೊಗಟೆಯ ಮೇಲೆ ಸಣ್ಣ ಬೊಕ್ಕೆಗಳಿರುತ್ತವೆ, ಉಗುರಿನಿಂದ ಒತ್ತಿದರೆ ತಿಳಿಯಾದ ರಾಳ ಒಸರುತ್ತದೆ. ಗಾಯಕ್ಕೆ, ಕೆಮ್ಮಿಗೆ ಅದನ್ನು ಬಳಸುತ್ತಿದ್ದರು. ಹಾಲು ಕರೆದಂತೆ ರಾಳ ಕರೆಯಬಹುದಾದ ಮರವಾದ್ದರಿಂದ ಅದು ‘ಹೆಣ್ಣು ಬಾಲ್ಸಮ್’. ಪಕ್ಕದಲ್ಲೇ ಬೆಳೆಯುವ, ರಾಳದ ಬೊಕ್ಕೆಯಿಲ್ಲದ ಕೆಂಪು ಸ್ಪ್ರೂಸ್ ‘ಗಂಡು ಬಾಲ್ಸಮ್’. ಜಾತಿಯೇ ಬೇರೆ, ಆದರೂ ಊರ ಲೆಕ್ಕದಲ್ಲಿ ಅವೆರಡೂ ಜೋಡಿ.

ಮೋಡ ತಂಗುವ ನೆತ್ತಿಗಳು

ಇಡೀ ಜಗತ್ತಿನಲ್ಲಿ ಫ್ರೇಸರ್ ಫರ್ ತಾನಾಗಿ ಬೆಳೆಯುವುದು ನಾರ್ತ್ ಕೆರೊಲಿನಾ, ಟೆನೆಸಿ, ವರ್ಜೀನಿಯಾ ಈ ಮೂರು ರಾಜ್ಯಗಳ ಕೆಲವೇ ಶಿಖರಗಳ ಮೇಲೆ. ಮೌಂಟ್ ಮಿಚೆಲ್ ಇರುವ ಬ್ಲ್ಯಾಕ್ ಮೌಂಟನ್ಸ್, ಗ್ರ್ಯಾಂಡ್‌ಫಾದರ್ ಮೌಂಟನ್, ರೋನ್ ಮೌಂಟನ್, ಮೌಂಟ್ ರಾಜರ್ಸ್, ಗ್ರೇಟ್ ಸ್ಮೋಕಿ ಬೆಟ್ಟಗಳು, ಹೀಗೆ ಬೆರಳೆಣಿಕೆಯ ಜಾಗಗಳು. ಹೆಚ್ಚಿನ ಕಾಡು 1,600 ಮೀಟರ್‌ಗಿಂತ ಮೇಲೆ.

ಇದಕ್ಕೆ ಕಾರಣ ಹಿಮಯುಗ. ಉತ್ತರ ಅಮೆರಿಕದ ಅರ್ಧಭಾಗ ಮಂಜುಗಡ್ಡೆಯಡಿ ಇದ್ದಾಗ ಚಳಿನಾಡಿನ ಮರಗಳು ದಕ್ಷಿಣಕ್ಕೆ ಸರಿದಿದ್ದವು. ಹವೆ ಬೆಚ್ಚಗಾದಂತೆ ಕೆಲವು ಉತ್ತರಕ್ಕೆ ಹಿಂದಿರುಗಿದವು, ಕೆಲವು ಚಳಿ ಹುಡುಕಿಕೊಂಡು ಬೆಟ್ಟ ಹತ್ತಿದವು. ಹತ್ತಿದವು ಅಲ್ಲೇ ಉಳಿದವು. ಪಶ್ಚಿಮ ಘಟ್ಟದ ನೆತ್ತಿಯ ಮಡಿಕೆಗಳಲ್ಲಿ ಸುತ್ತ ಹುಲ್ಲುಗಾವಲು ಹೊದ್ದು ಕೂತ ಶೋಲಾ ಕಾಡುಗಳನ್ನು ನೋಡಿದವರಿಗೆ ಇದರ ಸ್ವರೂಪ ಹೊಳೆಯಬಹುದು. ನೀರಿನ ನಡುವಿನ ದ್ವೀಪದ ಹಾಗೆ ಬಿಸಿಯ ನಡುವೆ ತಂಪಿನ ದ್ವೀಪ. ಒಂದು ಶಿಖರದ ಕಾಡಿಗೂ ಮತ್ತೊಂದಕ್ಕೂ ನಡುವೆ ಕಣಿವೆ. ಹವೆ ಇನ್ನೂ ಬಿಸಿಯಾದರೆ ಹತ್ತಲು ಮುಂದೆ ಬೆಟ್ಟವೇ ಇಲ್ಲ.

ಈ ನೆತ್ತಿಗಳಲ್ಲಿ ಮೋಡ ಬಂದು ಹೋಗುವುದಿಲ್ಲ, ಬಂದು ಕೂರುತ್ತದೆ. ಸೂಜಿ ಎಲೆಗಳು ಮೋಡದ ಹನಿಗಳನ್ನು ಬಾಚಿ ನೆಲಕ್ಕೆ ಇಳಿಸುತ್ತವೆ. ಮಳೆ ಇಲ್ಲದ ದಿನವೂ ಮರದಡಿ ತೊಟ್ಟಿಕ್ಕುತ್ತಿರುತ್ತದೆ. ಆ ನೆರಳಿನಲ್ಲಿ, ಬಂಡೆಗಳ ಮೇಲೆ ಹಾಸಿದ ಪಾಚಿಯ ಅಡಿಯಲ್ಲಿ ಒಂದು ಜೇಡ ಬದುಕುತ್ತದೆ. ಟರಾಂಟುಲಾ ಎಂಬ ದೈತ್ಯ ಜೇಡಗಳ ನೆಂಟ. ಆದರೆ ಮೈಯುದ್ದ ಮೂರರಿಂದ ನಾಲ್ಕು ಮಿಲಿಮೀಟರ್, ಒಂದು ಗಸಗಸೆ ಕಾಳಿಗೂ ಒಂದು ಅಕ್ಕಿ ಕಾಳಿಗೂ ನಡುವಿನ ಗಾತ್ರ. ಪಾಚಿಯೊಳಗೆ ಕೊಳವೆಯಂಥ ಬಲೆ ನೇಯ್ದು ಅದರಲ್ಲೇ ಬಾಳುತ್ತದೆ. ಪಾಚಿ ಒಣಗಿದರೆ ಅದಕ್ಕೆ ಉಳಿಗಾಲವಿಲ್ಲ. ಪಾಚಿ ಒಣಗದಿರಬೇಕಾದರೆ ಮೇಲೆ ಫರ್ ಮರದ ನೆರಳಿರಬೇಕು. ಮರಗಳು ಸತ್ತು ಬಿಸಿಲು ನೆಲಕ್ಕಿಳಿದ ಮೇಲೆ, 1995ರಲ್ಲಿ ಅಮೆರಿಕ ಸರ್ಕಾರ ಈ ಜೇಡವನ್ನೂ ಅಳಿವಿನಂಚಿನ ಪಟ್ಟಿಗೆ ಸೇರಿಸಿತು.

ಹತ್ತಿ ಮೆತ್ತಿದ ತೊಗಟೆ

ಮರಗಳನ್ನು ಕೊಂದದ್ದು ಕೊಡಲಿಯಲ್ಲ. ಬರಿಗಣ್ಣಿಗೆ ಸರಿಯಾಗಿ ಕಾಣದ ಒಂದು ಕೀಟ.

ಬಾಲ್ಸಮ್ ವೂಲಿ ಅಡೆಲ್ಜಿಡ್ ಎಂಬುದು ಅದರ ಹೆಸರು. ಗಿಡಹೇನಿನ ಹತ್ತಿರದ ಬಂಧು, ಒಂದು ಮಿಲಿಮೀಟರಿಗಿಂತ ಚಿಕ್ಕದು. ಮೈಮೇಲೆ ಬಿಳಿ ಮೇಣದೆಳೆಗಳ ಹೊದಿಕೆ. ದಾಸವಾಳಕ್ಕೆ, ಸೀಬೆಗೆ ಹಿಟ್ಟುತಿಗಣೆ ಹತ್ತಿದ್ದನ್ನು ಕಂಡವರಿಗೆ ಈ ನೋಟ ಹೊಸತಲ್ಲ. ಅಡೆಲ್ಜಿಡ್ ಹತ್ತಿದ ಫರ್ ಮರದ ಕಾಂಡಕ್ಕೆ ಯಾರೋ ಹಿಂಜಿದ ಹತ್ತಿಯನ್ನು ತುಣುಕು ತುಣುಕಾಗಿ ಮೆತ್ತಿದಂತೆ ಕಾಣುತ್ತದೆ.

ಯುರೋಪಿನಲ್ಲಿ ಇದು ಅಲ್ಲಿನ ಫರ್ ಮರಗಳ ಮೇಲೆ ಹಿಂದಿನಿಂದಲೂ ಇದ್ದದ್ದೇ. ಅಲ್ಲಿನ ಮರ ತಾಳಿಕೊಳ್ಳುತ್ತದೆ, ಕೀಟವೂ ಮಿತಿಯಲ್ಲಿರುತ್ತದೆ. 1900ರ ಸುಮಾರಿಗೆ ಸಸಿಗಳ ಜೊತೆ ಅದು ಅಮೆರಿಕದ ಈಶಾನ್ಯಕ್ಕೆ ಬಂತು. 1957ರಲ್ಲಿ ಮೌಂಟ್ ಮಿಚೆಲ್ ಮೇಲೆ ಕಂಡಿತು. 1960ರ ದಶಕದ ಆರಂಭದಲ್ಲಿ ಗ್ರೇಟ್ ಸ್ಮೋಕಿ ಬೆಟ್ಟಗಳನ್ನು ತಲುಪಿತು. ಅಮೆರಿಕದಲ್ಲಿರುವ ಅಡೆಲ್ಜಿಡ್‌ಗಳೆಲ್ಲ ಹೆಣ್ಣುಗಳೇ, ಮೊಟ್ಟೆಯಿಡಲು ಗಂಡು ಬೇಕಿಲ್ಲ. ಒಂದೊಂದು ಹೆಣ್ಣು ನೂರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ, ವರ್ಷಕ್ಕೆ ಎರಡು ಮೂರು ತಲೆಮಾರು ಹುಟ್ಟುತ್ತವೆ. ರೆಕ್ಕೆ ಇಲ್ಲದ ಮರಿಗಳನ್ನು ಗಾಳಿಯೇ ಒಂದು ಮರದಿಂದ ಮತ್ತೊಂದಕ್ಕೆ ಒಯ್ಯುತ್ತದೆ. ಬೆಟ್ಟದ ನೆತ್ತಿಯಲ್ಲಿ ಗಾಳಿಗೆ ಕೊರತೆಯಿಲ್ಲ.

ಕೀಟ ತನ್ನ ಕೂದಲೆಳೆಯಂಥ ಕೊಳವೆಬಾಯನ್ನು ತೊಗಟೆಗೆ ಚುಚ್ಚಿ ರಸ ಹೀರುತ್ತದೆ. ಮರ ಸಾಯುವುದು ರಸ ಹೋದದ್ದರಿಂದಲ್ಲ. ಕೀಟದ ಎಂಜಲು ತಾಗಿದ ಕಡೆ ಮರ ಕೆಂಪಗಿನ, ಗಡುಸಾದ ವಿಕಾರದ ಕಟ್ಟಿಗೆಯನ್ನು ಬೆಳೆಸತೊಡಗುತ್ತದೆ. ಅದರೊಳಗೆ ನೀರು ಸರಾಗವಾಗಿ ಏರುವುದಿಲ್ಲ. ಮೋಡದಲ್ಲಿ ನೆಂದು ನಿಂತ ಮರ ಒಳಗೊಳಗೇ ಬಾಯಾರಿ ಕೆಲವೇ ವರ್ಷಗಳಲ್ಲಿ ಒಣಗುತ್ತದೆ.

ಗ್ರೇಟ್ ಸ್ಮೋಕಿ ರಾಷ್ಟ್ರೀಯ ಉದ್ಯಾನದಲ್ಲಿ ಬಲಿತ ಫ್ರೇಸರ್ ಫರ್‌ಗಳ ಪೈಕಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಸತ್ತವು. ಅಲ್ಲಿನ ಅತಿ ಎತ್ತರದ ಶಿಖರ ಕುವೋಹಿ. 2024ರ ಸೆಪ್ಟೆಂಬರಿನವರೆಗೂ ಕ್ಲಿಂಗ್‌ಮನ್ಸ್ ಡೋಮ್ ಎಂದಿದ್ದ ಅದಕ್ಕೆ ಅಲ್ಲಿನ ಮೂಲನಿವಾಸಿಗಳಾದ ಚೆರೊಕೀ ಜನರ ಹೆಸರನ್ನು ಮರಳಿ ಕೊಡಲಾಯಿತು. ಶಿಖರದ ಮೇಲೆ 1959ರಲ್ಲಿ ಕಟ್ಟಿದ ಕಾಂಕ್ರೀಟಿನ ವೀಕ್ಷಣಾ ಗೋಪುರವಿದೆ. ಹಸಿರು ಕಡಲು ನೋಡಲೆಂದು ಕಟ್ಟಿದ ಆ ಗೋಪುರದಿಂದ ಮುಂದಿನ ದಶಕಗಳಲ್ಲಿ ಜನ ಕಂಡದ್ದು ಬೂದು ಬಣ್ಣದ ಕಾಂಡಗಳ ಸಾಲು ಸಾಲು. 1980ರ ದಶಕದಲ್ಲಿ ಆಮ್ಲಮಳೆಯ ಪಾಲೆಷ್ಟು ಎಂಬ ಚರ್ಚೆ ಜೋರಾಗಿ ನಡೆಯಿತು. ಗಾಳಿಯ ಮಾಲಿನ್ಯ ಆ ಮಣ್ಣನ್ನು ಹಾಳುಗೆಡವಿದ್ದು ಹೌದು. ಆದರೆ ಫರ್ ಮರಗಳ ಸಾವಿನಲ್ಲಿ ದೊಡ್ಡ ಕೈ ಈ ಕೀಟದ್ದೇ.

ಮದ್ದು ಇಲ್ಲವೆಂದಲ್ಲ. ಮೇಣದ ಹೊದಿಕೆಯನ್ನು ಕರಗಿಸುವ ಸಾಬೂನಿನ ದ್ರಾವಣವನ್ನು ಕಾಂಡ ತೊಯ್ಯುವಂತೆ ಸಿಂಪಡಿಸಿದರೆ ಕೀಟ ಸಾಯುತ್ತದೆ. ಉದ್ಯಾನದವರು ಅದನ್ನು ಮಾಡಿಯೂ ನೋಡಿದರು. ಆದರೆ ಒಂದೊಂದೇ ಮರಕ್ಕೆ, ಬುಡದಿಂದ ತುದಿಯವರೆಗೆ, ಮತ್ತೆ ಮತ್ತೆ ಸಿಂಪಡಿಸಬೇಕು. ಪೈಪು ಮುಟ್ಟುವುದು ರಸ್ತೆಯಂಚಿನ ಮರಗಳನ್ನು ಮಾತ್ರ.

ಹನ್ನೆರಡು ವರ್ಷದ ಬೆಳೆ

ಕೀಟ ಮೌಂಟ್ ಮಿಚೆಲ್ ಹತ್ತಿದ ಕಾಲಕ್ಕೇ ಕೆಳಗಿನ ಕಣಿವೆಗಳಲ್ಲಿ ಇನ್ನೊಂದು ಕಥೆ ಶುರುವಾಗಿತ್ತು.

ಅಮೆರಿಕದಲ್ಲಿ ಕ್ರಿಸ್‌ಮಸ್ ಮರದ ಪದ್ಧತಿ ಬೇರೂರಿದ್ದು 19ನೇ ಶತಮಾನದಲ್ಲಿ, ಜರ್ಮನ್ ವಲಸಿಗರಿಂದ. ವಿಕ್ಟೋರಿಯಾ ರಾಣಿಯ ಕುಟುಂಬ ಮರದ ಸುತ್ತ ನಿಂತ ಚಿತ್ರ 1848ರಲ್ಲಿ ಲಂಡನ್ನಿನ ವಾರಪತ್ರಿಕೆಯೊಂದರಲ್ಲಿ ಬಂತು. ಎರಡು ವರ್ಷದ ಬಳಿಕ ಕಿರೀಟ ಗಿರೀಟ ಅಳಿಸಿದ ಅದೇ ಚಿತ್ರ ಅಮೆರಿಕದ ಮಹಿಳಾ ಪತ್ರಿಕೆಯಲ್ಲಿ ಅಚ್ಚಾಯಿತು. ಮನೆಮನೆಗೂ ಮರ ಬೇಕಾಯಿತು. ಬಹುಕಾಲ ಅವನ್ನು ಕಾಡಿನಿಂದಲೇ ಕಡಿದು ತರುತ್ತಿದ್ದರು. 20ನೇ ಶತಮಾನದ ನಡುವಿನ ಹೊತ್ತಿಗೆ ತೋಟದ ಮರ ಆ ಜಾಗಕ್ಕೆ ಬರತೊಡಗಿತು. ನಾರ್ತ್ ಕೆರೊಲಿನಾದ ಬೆಟ್ಟದ ರೈತರು, ಎಲೆಕೋಸು, ತಂಬಾಕು, ಹೈನು ನಂಬಿದ್ದವರು, ಫ್ರೇಸರ್ ಫರ್ ನೆಟ್ಟು ನೋಡಿದರು. ಇಂದು ಆ ರಾಜ್ಯ ಕ್ರಿಸ್‌ಮಸ್ ಮರ ಬೆಳೆಯುವುದರಲ್ಲಿ ಆರೆಗಾನ್ ಬಿಟ್ಟರೆ ದೇಶಕ್ಕೇ ಎರಡನೆಯದು. ವರ್ಷಕ್ಕೆ 40ರಿಂದ 50 ಲಕ್ಷ ಮರ ಅಲ್ಲಿಂದ ಹೊರಡುತ್ತವೆ, ಅವುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಫ್ರೇಸರ್ ಫರ್.

ಜನ ಇದನ್ನೇ ಕೇಳಲು ಕಾರಣಗಳಿವೆ. ಕಡಿದ ಮೇಲೂ ವಾರಗಟ್ಟಲೆ ಸೂಜಿ ಉದುರುವುದಿಲ್ಲ. ರೆಂಬೆ ಗಟ್ಟಿ, ಗಾಜಿನ ಗುಂಡುಗಳ ಭಾರಕ್ಕೆ ಬಾಗದು. ಮಡಚಿದರೆ ಮುರಿಯದೆ ಬಲೆಯೊಳಗೆ ಹೋಗುತ್ತದೆ, ಬಿಚ್ಚಿದರೆ ಮತ್ತೆ ಅರಳಿಕೊಳ್ಳುತ್ತದೆ. ಪರಿಮಳ ಹೇಗೂ ಇದೆ.

ಆದರೆ ಆರೇಳು ಅಡಿಯ ಒಂದು ಮರದ ಹಿಂದೆ ಸುಮಾರು ಹನ್ನೆರಡು ವರ್ಷದ ದುಡಿಮೆ ಇದೆ ಎಂಬುದು ಕೊಳ್ಳುವವರಿಗೆ ಗೊತ್ತಾಗುವುದು ಕಡಿಮೆ. ಬೀಜ ಹಾಕಿದ ಮೇಲೆ ನಾಲ್ಕೈದು ವರ್ಷ ನರ್ಸರಿಯಲ್ಲೇ ಕಳೆಯುತ್ತದೆ. ಆಮೇಲೆ ತೋಟಕ್ಕೆ ಬರುವ ಸಸಿ ಇನ್ನೂ ಮೊಣಕಾಲಿಗೂ ಬಂದಿರುವುದಿಲ್ಲ. ಐದಡಿಗೊಂದರಂತೆ, ಎಕರೆಗೆ ಸುಮಾರು 1,700. ಟ್ರ್ಯಾಕ್ಟರ್ ಏರದ ಕಡಿದಾದ ಇಳಿಜಾರುಗಳಲ್ಲಿ ನೆಡುವುದೂ ಹೊರುವುದೂ ಕೈಯಿಂದಲೇ.

ಮೂರ್ನಾಲ್ಕು ವರ್ಷ ಕಳೆದ ಮೇಲೆ ಸವರುವ ಕೆಲಸ ಶುರು. ಕಾಫಿ ತೋಟದಲ್ಲಿ ಗಿಡ ಸವರುವವರ ಕೈಚಳಕ ಬಲ್ಲವರಿಗೆ ಇಲ್ಲಿನ ಕೈಚಳಕದ ಬೆಲೆ ತಿಳಿದೀತು. ಬೇಸಿಗೆಯಲ್ಲಿ ಕೆಲಸಗಾರ ತೆಳ್ಳಗಿನ ಉದ್ದಲಗಿನ ಕತ್ತಿ ಹಿಡಿದು ಮರದ ಸುತ್ತ ನಡೆಯುತ್ತಾನೆ. ಮೊದಲು ನೆತ್ತಿ: ಎರಡು ಕುಡಿ ಇದ್ದರೆ ಒಂದನ್ನು ತೆಗೆದು, ಉಳಿದದ್ದನ್ನು ಸುಮಾರು ಒಂದಡಿಗೆ ಕತ್ತರಿಸಬೇಕು. ಆಮೇಲೆ ಮೇಲಿಂದ ಕೆಳಕ್ಕೆ ಕತ್ತಿ ಬೀಸುತ್ತ ಮರವನ್ನು ಶಂಕುವಿನ ಆಕಾರಕ್ಕೆ ತರಬೇಕು. ಬೀಸಿದ ಕತ್ತಿ ಬಂದು ನಿಲ್ಲುವುದು ಮೊಣಕಾಲಿನ ಹತ್ತಿರ. ಅದಕ್ಕಾಗಿ ಕಾಲಿಗೆ ಗಟ್ಟಿ ಕವಚ ಕಟ್ಟಿಕೊಂಡಿರುತ್ತಾರೆ. ದಿನಕ್ಕೆ ನೂರಾರು ಮರ. ಈ ಕೆಲಸಕ್ಕೆ ಬರುವವರಲ್ಲಿ ಬಹುಪಾಲು ಮಂದಿ ಮೆಕ್ಸಿಕೋದವರು. ಕೃಷಿ ಕೆಲಸಕ್ಕೆಂದೇ ಇರುವ ತಾತ್ಕಾಲಿಕ ವೀಸಾ ಹಿಡಿದು ಬಂದು, ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು, ಬೇರೆಯವರ ಹಬ್ಬದ ಮರವನ್ನು ತಿದ್ದುವವರು. ಕ್ರಿಸ್‌ಮಸ್ ಮರದ ಚಿತ್ರಗಳಲ್ಲಿ ಅವರ ಮುಖ ಕಾಣುವುದಿಲ್ಲ. ಆದರೆ ಆ ಮರದ ಅಂದ ಅವರ ಕೈಯದು.

ತೋಟಕ್ಕೂ ಅಡೆಲ್ಜಿಡ್ ಬರುತ್ತದೆ. ಆದರೆ ಇಲ್ಲಿ ಸಾಲುಗಳ ನಡುವೆ ದಾರಿಯಿದೆ, ಪಂಪಿದೆ, ಪೈಪು ಪ್ರತಿ ಮರವನ್ನೂ ಮುಟ್ಟುತ್ತದೆ. ಮೇಲಿನ ಕಾಡಿಗೂ ಕೆಳಗಿನ ತೋಟಕ್ಕೂ ಇರುವ ವ್ಯತ್ಯಾಸವೆಲ್ಲ ಆ ಪೈಪಿನ ಉದ್ದದಲ್ಲಿದೆ. ಮದ್ದಿನ ಬಳಕೆ ತಗ್ಗಿಸುವ ಪ್ರಯತ್ನಗಳೂ ನಡೆದಿವೆ. ಹಿಂದೆ ಕಳೆನಾಶಕ ಹೊಡೆದು ನೆಲವನ್ನು ಬೋಳು ಮಾಡುತ್ತಿದ್ದ ಕಡೆ ಈಗ ಬಿಳಿ ಕ್ಲೋವರ್ ಎಂಬ ನೆಲಹಬ್ಬುವ ಗಿಡವನ್ನು ಬಿಡುತ್ತಾರೆ. ಮಣ್ಣು ಕೊಚ್ಚಿಹೋಗುವುದು ನಿಲ್ಲುತ್ತದೆ, ಕೆಟ್ಟ ಕೀಟಗಳನ್ನು ತಿನ್ನುವ ಒಳ್ಳೆಯ ಕೀಟಗಳಿಗೂ ನೆಲೆ ಸಿಗುತ್ತದೆ.

ಕೊಳೆರೋಗದ ನೆಂಟ

ತೋಟದವರು ಅಡೆಲ್ಜಿಡ್‌ಗಿಂತ ಹೆಚ್ಚು ಹೆದರುವುದು ಬೇರೊಂದಕ್ಕೆ. ಅದು ನಮ್ಮ ಮಲೆನಾಡಿಗೂ ಕರಾವಳಿಗೂ ಚೆನ್ನಾಗಿ ಗೊತ್ತಿರುವ ಕುಲ. ಹೆಸರು ಫೈಟಾಫ್ತೊರಾ. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೂ, ಕಾಳುಮೆಣಸಿನ ಬಳ್ಳಿಯನ್ನು ದಿನಗಳಲ್ಲಿ ಮಲಗಿಸುವ ಸೊರಗು ರೋಗಕ್ಕೂ ಇದೇ ಕುಲದ ಬೇರೆ ಬೇರೆ ಜಾತಿಗಳು ಕಾರಣ. ಕೊನೆಗೆ ಕೊಟ್ಟೆ ಕಟ್ಟಿ, ಬೋರ್ಡೋ ದ್ರಾವಣ ಹೊಡೆದು ಜೂನ್‌ನಿಂದ ಆಗಸ್ಟ್‌ವರೆಗೆ ಉಸಿರು ಬಿಗಿಹಿಡಿದು ಕೂರುವ ಅಡಿಕೆ ಬೆಳೆಗಾರನಿಗೆ ಏವರಿ ಕೌಂಟಿಯ ರೈತನ ಆತಂಕ ವಿವರಿಸಿ ಹೇಳಬೇಕಾಗಿಲ್ಲ.

ಫರ್ ಮರದಲ್ಲಿ ಅದು ಬೇರಿಗೆ ಹತ್ತುತ್ತದೆ. ನೀರು ನಿಲ್ಲುವ ಜಾಗದಲ್ಲಿ ಬೇರು ಕೊಳೆತು, ಒಂದು ರೆಂಬೆ ಕೆಂಪಾಗಿ, ಆಮೇಲೆ ಇಡೀ ಮರ ಕಂದುಬಣ್ಣಕ್ಕೆ ತಿರುಗುತ್ತದೆ. ರೋಗಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಬೂಟಿಗಂಟಿದ ಕೆಸರಿನಲ್ಲಿ, ಟ್ರ್ಯಾಕ್ಟರ್ ಚಕ್ರದಲ್ಲಿ, ನರ್ಸರಿಯ ಸಸಿಯ ಬೇರಿನಲ್ಲಿ ಊರೂರು ಸುತ್ತುತ್ತದೆ. ಒಮ್ಮೆ ಬಂದ ಹೊಲದಲ್ಲಿ ಮತ್ತೆ ಫ್ರೇಸರ್ ಫರ್ ಏಳುವುದು ಕಷ್ಟ.

ನಾರ್ತ್ ಕೆರೊಲಿನಾ ರಾಜ್ಯ ವಿಶ್ವವಿದ್ಯಾಲಯದ ವಿಜ್ಞಾನಿಗಳು ದಶಕಗಳಿಂದ ಇದಕ್ಕೆ ದಾರಿ ಹುಡುಕುತ್ತಿದ್ದಾರೆ. ಜಪಾನಿನ ಮೋಮಿ ಫರ್‌ಗೆ ಈ ರೋಗ ಅಷ್ಟಾಗಿ ತಾಗದು. ಅದರ ಬೇರುಗಿಡದ ಮೇಲೆ ಫ್ರೇಸರ್ ಕುಡಿಯನ್ನು ಕಸಿ ಕಟ್ಟುವುದು ಒಂದು ಉಪಾಯ. ಟರ್ಕಿಯ ಫರ್ ಜಾತಿಗಳನ್ನು ಬೆಳೆಸಿ ನೋಡುವುದು ಇನ್ನೊಂದು. ಕಸಿ ಸಸಿಗೆ ಖರ್ಚು ಹೆಚ್ಚು, ಹನ್ನೆರಡು ವರ್ಷದ ಬೆಳೆಯಲ್ಲಿ ಪ್ರಯೋಗದ ಫಲ ತಿಳಿಯಲು ಹನ್ನೆರಡು ವರ್ಷವೇ ಬೇಕು.

ನಡುಮನೆಗೆ ಬಂದ ಮೇಲೆ

ಕಡಿದ ಮರ ನೀರು ಕುಡಿಯುತ್ತಲೇ ಇರುತ್ತದೆ. ಹೂದಾನಿಯ ಹೂವಿನ ಹಾಗೆ ಎಂದುಕೊಂಡರೆ ಸಾಲದು. ನಾಲ್ಕಂಗುಲ ದಪ್ಪದ ಬುಡ ದಿನಕ್ಕೆ ನಾಲ್ಕು ಲೀಟರಿನ ಹತ್ತಿರ ಹೀರಬಲ್ಲದು. ತಂದ ಕೂಡಲೇ ಬುಡದಲ್ಲಿ ಒಂದು ತೆಳು ಬಿಲ್ಲೆ ಕೊಯ್ದು ತೆಗೆದು ನೀರಿನಲ್ಲಿ ನಿಲ್ಲಿಸಬೇಕು, ಇಲ್ಲದಿದ್ದರೆ ಹಳೆಯ ಗಾಯದ ಮೇಲೆ ರಾಳ ಕಟ್ಟಿಕೊಂಡು ನೀರು ಏರುವುದಿಲ್ಲ. ನಾರ್ತ್ ಕೆರೊಲಿನಾದ ರಾಲೀ, ಷಾರ್ಲಟ್ ನಗರಗಳಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳು ಶಾಲೆಯ ಗೆಳೆಯರ ಮನೆಗಳಲ್ಲಿ ಕಾಣುವ ಕ್ರಿಸ್‌ಮಸ್ ಮರ ಬಹುಮಟ್ಟಿಗೆ ಇದೇ. 2005ರಿಂದ ಫ್ರೇಸರ್ ಫರ್ ಆ ರಾಜ್ಯದ ಅಧಿಕೃತ ಕ್ರಿಸ್‌ಮಸ್ ಮರ.

ಶ್ವೇತಭವನಕ್ಕೂ ಇದು ಹೊಸದಲ್ಲ. ಮರ ಬೆಳೆಗಾರರ ರಾಷ್ಟ್ರೀಯ ಸ್ಪರ್ಧೆಯಲ್ಲಿ ಗೆದ್ದವರು ಅಲ್ಲಿನ ಬ್ಲೂ ರೂಮ್ ಎಂಬ ಕೋಣೆಗೆ ಮರ ಕೊಡುವ ಪದ್ಧತಿ 1966ರಿಂದ ನಡೆದುಬಂದಿದೆ. ಆ ಮರ ಚಾವಣಿ ಮುಟ್ಟುವಷ್ಟು ಎತ್ತರ. ಅದನ್ನು ನಿಲ್ಲಿಸಲು ಕೋಣೆಯ ತೂಗುದೀಪವನ್ನೇ ಬಿಚ್ಚಿಡುತ್ತಾರೆ. 2024ರಲ್ಲಿ ಆ ಮರ ಬಂದದ್ದು ಏವರಿ ಕೌಂಟಿಯ ಒಂದು ಕುಟುಂಬದ ತೋಟದಿಂದ. ಅದೇ ವರ್ಷ ಸೆಪ್ಟೆಂಬರ್ 27ರಂದು ಹೆಲೀನ್ ಚಂಡಮಾರುತ ಆ ಬೆಟ್ಟಗಳ ಮೇಲೆ ಮಳೆ ಸುರಿದು ಹೋಗಿತ್ತು. ಗುಡ್ಡ ಕುಸಿದು ರಸ್ತೆ, ಸೇತುವೆ, ಮನೆಗಳು ಕೊಚ್ಚಿಹೋಗಿದ್ದವು. ಹತ್ತು ವರ್ಷ ಸಾಕಿದ ಮರಗಳ ಸಾಲುಗಳೂ ಕೆಲವು ಕಡೆ ಮಣ್ಣಿನ ಜೊತೆ ಕಣಿವೆಗಿಳಿದವು. ಕೊಯ್ಲಿಗೆ ಉಳಿದಿದ್ದದ್ದು ಐದಾರು ವಾರ. ಆದರೂ ನವೆಂಬರಿನಲ್ಲಿ ಲಾರಿಗಳು ಹೊರಟವು.

ಹಬ್ಬ ಮುಗಿದ ಮೇಲೆ ಈ ಮರಗಳು ಎಲ್ಲವೂ ತಿಪ್ಪೆ ಸೇರುವುದಿಲ್ಲ. ಪುಡಿಮಾಡಿ ಗಿಡದ ಬುಡಕ್ಕೆ ಹಾಕುತ್ತಾರೆ, ಕೆರೆಗೆ ಇಳಿಬಿಟ್ಟು ಮೀನಿಗೆ ಆಸರೆ ಮಾಡುತ್ತಾರೆ. ನಾರ್ತ್ ಕೆರೊಲಿನಾದ ಕಡಲತೀರದಲ್ಲಿ ಅವನ್ನು ಮರಳದಿಣ್ಣೆಗಳ ಬುಡದಲ್ಲಿ ಸಾಲಾಗಿ ಮಲಗಿಸುವುದೂ ಉಂಟು. ಗಾಳಿ ಹೊತ್ತು ತಂದ ಮರಳು ಸೂಜಿಗಳ ನಡುವೆ ಸಿಕ್ಕಿಬಿದ್ದು ದಿಣ್ಣೆ ಮತ್ತೆ ಬೆಳೆಯುತ್ತದೆ. ಮೋಡದ ನೆತ್ತಿಯ ಜಾತಿಗೆ ಸೇರಿದ ಮರ ಹೀಗೆ ಸಮುದ್ರಕ್ಕೆ ತಡೆಯಾಗುತ್ತದೆ.

ಕಾಯಿ ಬಿಡುವ ಕಾಲ

ತೋಟದಲ್ಲಿ ಫರ್ ಮರ ಕಾಯಿ ಬಿಟ್ಟರೆ ರೈತನಿಗೆ ಸಂಕಟ. ಕಾಯಿ ಮರದ ಸತ್ವ ಹೀರುತ್ತದೆ, ಬಲಿತು ಬಿಡಿಬಿಡಿಯಾಗಿ ಉದುರಿದ ಮೇಲೆ ರೆಂಬೆಯ ಮೇಲೆ ಕಡ್ಡಿಯಂಥ ಬೋಳು ದಂಟು ಉಳಿಸಿ ಅಂದಗೆಡಿಸುತ್ತದೆ. ಹಾಗಾಗಿ ವಸಂತದ ಕೊನೆಯಲ್ಲಿ ಕೆಲಸಗಾರರು ಸಾಲು ಸಾಲಿಗೆ ಹೋಗಿ ಎಳೆಗಾಯಿಗಳನ್ನು ಒಂದೊಂದಾಗಿ ಕಿತ್ತು ನೆಲಕ್ಕೆ ಚೆಲ್ಲುತ್ತಾರೆ. ಒಂದು ಮರದಲ್ಲೇ ನೂರಾರು.

ಅದೇ ಕಾಯಿಗಾಗಿ ಶಿಖರಗಳ ಮೇಲೆ ಕಾಯುವವರಿದ್ದಾರೆ. ತೋಟಗಳ ಬೀಜದ ಮೂಲವೇ ಆ ಶಿಖರಗಳು. ಬೆಳೆಗಾರರು ಬಹಳ ಹಿಂದಿನಿಂದ ಬೀಜ ನೆಚ್ಚಿಕೊಂಡಿರುವ ನೆಲೆಗಳಲ್ಲಿ ರೋನ್ ಮೌಂಟನ್ ಮುಖ್ಯವಾದದ್ದು. ಕಾಯಿ ಪ್ರತಿವರ್ಷ ಒಂದೇ ಸಮ ಬಿಡುವುದಿಲ್ಲ. ಬಿಟ್ಟ ವರ್ಷ ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲಲ್ಲಿ, ಅವು ಮರದ ಮೇಲೇ ಒಡೆದು ಚೆದುರುವ ಮೊದಲು ಕೊಯ್ಯಬೇಕು. ಶಿಖರದ ಕಾಡು ಅಳಿದರೆ ತೋಟಕ್ಕೆ ಬೇಕಾದ ರೋಗ ತಡೆಯುವ, ಬರ ತಾಳುವ ಗುಣಗಳ ಖಜಾನೆಯೂ ಅಳಿಯುತ್ತದೆ. ಇದನ್ನು ಅರಿತೇ ವಿಜ್ಞಾನಿಗಳು ಬೇರೆ ಬೇರೆ ಶಿಖರಗಳ ಬೀಜ ಸಂಗ್ರಹಿಸಿ ಇಟ್ಟಿದ್ದಾರೆ, ಆಯ್ದ ಮರಗಳ ಕುಡಿ ತಂದು ಕಸಿ ಕಟ್ಟಿ ಬೀಜದ ತೋಪು ಬೆಳೆಸಿದ್ದಾರೆ.

ಮೇಲೆ ಕಾಡು ಸುಮ್ಮನೆ ಕೂತಿಲ್ಲ. ದೊಡ್ಡ ಮರಗಳು ಬಿದ್ದು ಬೆಳಕು ಬಂದ ಜಾಗದಲ್ಲಿ, ಅವು ಸಾಯುವ ಮುನ್ನ ಉದುರಿಸಿದ್ದ ಬೀಜಗಳಿಂದ ಎದ್ದ ಎಳೆ ಮರಗಳು ಈಗ ಒತ್ತೊತ್ತಾಗಿ ನಿಂತಿವೆ. ಕುವೋಹಿ, ಮೌಂಟ್ ಮಿಚೆಲ್ ಎರಡರ ಮೇಲೂ ಹಸಿರು ಮರಳಿದೆ. ಎಳೆ ಮರದ ತೊಗಟೆ ನುಣುಪು, ಅಡೆಲ್ಜಿಡ್‌ಗೆ ಅಲ್ಲಿ ನೆಲೆಯೂರಲು ಬಿರುಕು ಸಿಗದು. ಮರ ಬಲಿತು ತೊಗಟೆ ಒಡೆಯತೊಡಗಿದಾಗ ಕೀಟ ಮತ್ತೆ ಬರುತ್ತದೆ. ಕಾಡಿನಲ್ಲಿ ಕಾಯಿ ಬಿಡಲು ಮರಕ್ಕೆ ಸುಮಾರು ಹದಿನೈದು ವರ್ಷವಾಗಬೇಕು. ಆ ವಯಸ್ಸಿಗೂ ಕೀಟದ ಹೊಡೆತಕ್ಕೂ ನಡುವೆ ಸಿಗುವ ಕೆಲವು ವರ್ಷಗಳಲ್ಲಿ ಉದುರಿದ ಬೀಜವೇ ಮುಂದಿನ ಕಾಡು.

ಶರತ್ಕಾಲದಲ್ಲಿ ಫರ್‌ನ ನೇರಳೆ ಕಾಯಿಗಳು ಬಿಡಿಬಿಡಿಯಾಗಿ ಕಳಚಿ ಬೀಳುತ್ತವೆ. ರೆಕ್ಕೆಯಿರುವ ಬೀಜ ಸ್ವಲ್ಪ ದೂರ ಸುತ್ತುತ್ತ ಹೋಗಿ ಒದ್ದೆ ಪಾಚಿಯ ಮೇಲೆ, ಆ ಪುಟ್ಟ ಜೇಡದ ಮನೆಯ ಮೇಲೆ ಕೂರುತ್ತದೆ. ಚಳಿಗಾಲವಿಡೀ ಹಿಮದಡಿ ಮಲಗಿ, ವಸಂತದಲ್ಲಿ ಮೊಳೆಯುತ್ತದೆ. ಮೊದಲ ವರ್ಷದ ಕೊನೆಗೆ ಅದರ ಎತ್ತರ ಬೆರಳಿನ ಒಂದೆರಡು ಗೆಣ್ಣಿನಷ್ಟು.